ಆರು ಗಂಟೆಯ ನೀರು

ಮನೆ ಖಾಲಿ ಮಾಡಿಸುವ ಆದೇಶ ಹಿಡಿದು ಅಧಿಕಾರಿ ಚಂಬಣ್ಣ ಗುರವ್ವನ ರೊಟ್ಟಿ ಅಂಗಡಿಗೆ ಬಂದದ್ದು ಇದು ಏಳನೆಯ ಸಲ. ಯುರೋಪಿನ ಆ ಊರಿನ ಚೌಕದ ನಡುವೆಯೇ ಎರಡು ದೇಶಗಳ ಗಡಿ; ಆಚೆಯ ದೇಶದಲ್ಲಿ ಮನೆ ಬಿಡಿಸಲು ಬರೀ ಕಾಗದ ಸಾಕು. ಈಚೆ ಮಾತ್ರ, ಯಾರನ್ನು ಹೊರಹಾಕಬೇಕೋ ಅವರ ಕೈಯಿಂದಲೇ ಅಧಿಕಾರಿ ನೀರು ಕುಡಿಯಬೇಕು. ಗುಟುಕು ಇಳಿದು ಅಧಿಕಾರಿಯ ಕೊರಳಪಟ್ಟಿಯ ಕೆಂಪು ದೀಪ ಹಸಿರಾದರಷ್ಟೇ ಆದೇಶ ಜಾರಿ. ಇವತ್ತು ಸಂಜೆ ಆರರಿಂದ ಎರಡೂ ಕಡೆ ಯುರೋಪ್ ಒಕ್ಕೂಟದ ಒಂದೇ ಕಾನೂನು: ನೀರು ಬೇಡ, ಕಾಗದ ಸಾಕು.

ಚಂಬಣ್ಣ ಕೂತಲ್ಲಿ ಕೂರಲಾರದೆ ಗಡಿಯಾರ ನೋಡಿದ. ಇನ್ನು ಹತ್ತೇ ನಿಮಿಷ.

"ಈಗರೆ ನೀರು ಕೊಡ್ರಿ ಅವ್ವಾರ. ಹಳೇ ಕಾನೂನಿನಾಗ ಮೂರು ತಿಂಗಳ ವ್ಯಾಳೆ ಸಿಗತೈತಿ. ಆರಾದ ಮ್ಯಾಲ ನಾಳೆನ ಬಿಡಬೇಕಾಗತೈತಿ."

"ನನ್ನ ಹೊರಗ ಹಾಕಾಕ ನನ್ನ ಮನೀ ನೀರು ಕೊಡಂಗಿಲ್ಲ, ತಮ್ಮಾ," ಎಂದು ಗುರವ್ವ ರೊಟ್ಟಿ ಬಡಿಯುತ್ತಲೇ ಇದ್ದಳು.

ಚೌಕದ ಗಂಟೆ ಆರು ಹೊಡೆಯಿತು. ಚಂಬಣ್ಣನ ಕೊರಳಪಟ್ಟಿಯ ದೀಪ ತಾನಾಗಿಯೇ ಆರಿಹೋಯಿತು. ಅವನು ತಲೆ ತಗ್ಗಿಸಿ ಆದೇಶದ ಕಾಗದವನ್ನು ಮೇಜಿನ ಮೇಲಿಟ್ಟ.

ಗುರವ್ವ ಹಿಟ್ಟಿನ ಕೈ ತೊಳೆದುಕೊಂಡು, ಒಂದು ತಂಬಿಗೆ ನೀರು, ಒಂದು ಚೂರು ಬೆಲ್ಲ ತಂದು ಅವನ ಮುಂದೆ ಹಿಡಿದಳು.

"ಈಗ ಕುಡಿಯಪ್ಪಾ. ಮುಂಜಾನಿಂದ ಬಾಯಿ ಒಣಗಿಸಿಕೊಂಡು ಕುಂತೀದಿ."

ಚಂಬಣ್ಣ ತಂಬಿಗೆ ಎತ್ತಿದ. ತುಟಿಯವರೆಗೆ ತಂದು, ಕುಡಿಯದೆ ಕಾಗದದ ಪಕ್ಕದಲ್ಲಿಟ್ಟ.