ಹೊರಗೆ ಹೋದ ನಾಲ್ಕು ಎಸೆತ

ಕಬ್ಬಿನ ಟ್ರ್ಯಾಕ್ಟರಿನ ಮರೆಯಲ್ಲಿ ನಿಂತು ಪರಮಾನಂದ ಮಾಸ್ತರರು ಮಹಾಲಿಂಗನ ಕೈಯನ್ನೇ ನೋಡುತ್ತಿದ್ದರು. ಕಳ್ಳನ ಕೈ ಎಂದೂ ಸುಮ್ಮನಿರುವುದಿಲ್ಲ ಎಂಬುದು ಅವರ ನಂಬಿಕೆ.

ರನ್ನ ಬೆಳಗಲಿಯ ಬಯಲಿನಲ್ಲಿ ಅವನು ಹುಡುಗಿಯರಿಗೆ ಬೇಸ್‌ಬಾಲ್ ಎಸೆಯುವುದನ್ನು ಕಲಿಸುತ್ತಿದ್ದ. ಜಮಖಂಡಿಯ ಕಾಲೇಜೊಂದು ಅವನನ್ನು ತರಬೇತುದಾರನಾಗಿ ತೆಗೆದುಕೊಳ್ಳಲು ಹೊರಟಿತ್ತು. ಹಳೆಯ ಗುರುಗಳು ಹೌದು ಅಂದರೆ ಆಯಿತು, ಬೇಡ ಅಂದರೆ ಮುಗಿಯಿತು. ಬೇಡ ಅನ್ನುವುದೆಂದು ಮಾಸ್ತರರು ಮುಧೋಳದಲ್ಲಿ ಬಸ್ಸು ಹತ್ತುವಾಗಲೇ ಠರಾಯಿಸಿದ್ದರು. ಆದರೂ ಒಂದು ಪುರಾವೆ ಸಿಕ್ಕರೆ ಮನಸ್ಸಿಗೆ ಸಮಾಧಾನ ನೋಡಿ.

ಹದಿನೆಂಟು ವರ್ಷದ ಹಿಂದೆ ಕುರಿ ಕಾಯುತ್ತಿದ್ದ ಮಹಾಲಿಂಗನನ್ನು ಮೈದಾನಕ್ಕೆ ಕರೆತಂದವರು ಅವರೇ. ಹಾದಿ ಬಿಟ್ಟ ಕುರಿಯ ಮೂಗಿನ ಮುಂದೆ, ಗೇಣಿನ ಅಳತೆಗೆ ಕಲ್ಲು ಒಗೆದು ಅದನ್ನು ತಿರುಗಿಸುತ್ತಿದ್ದ. ಒಂದಕ್ಕೂ ಪೆಟ್ಟು ತಗಲುತ್ತಿರಲಿಲ್ಲ. ಅಂಥ ಕೈ! ಎರಡೇ ವರ್ಷದಲ್ಲಿ ರಾಜ್ಯ ತಂಡದ ಬಾಗಿಲಿಗೆ ಬಂದ. ಮಾಸ್ತರರು ಗೆರೆಯಾಚೆ ನಿಂತು ಸನ್ನೆ ಮಾಡುವರು. ಮೀಸೆ ಮುಟ್ಟಿದರೆ ಜೋರು, ಕಿವಿ ಮುಟ್ಟಿದರೆ ನಿಧಾನ, ಹೀಗೆ ಹತ್ತಾರು. ಸನ್ನೆಗೆ ಎದುರು ಪ್ರಶ್ನೆಯಿಲ್ಲ. ಆಟದಲ್ಲೂ ಇಲ್ಲ, ಆಟ ಮುಗಿದ ಮೇಲೂ ಇಲ್ಲ. ಮಾಸ್ತರರ ಶಿಸ್ತೆಂದರೆ ಶಿಸ್ತು.

ಆಮೇಲೆ ಆ ಫೈನಲ್ ಬಂತು. ಕೊನೆಯ ಸರದಿ, ಎರಡೂ ಕಡೆ ಸಮ ಓಟ, ಮೂರೂ ಬೇಸ್‌ಗಳ ಮೇಲೆ ಎದುರಾಳಿಗಳು. ನಾಲ್ಕು ಎಸೆತ ಹೊರಗೆ ಹೋದರೆ ಅವರಿಗೊಂದು ಪುಕ್ಕಟೆ ಓಟ, ಆಟ ಖಲಾಸ್. ಮಹಾಲಿಂಗ ನಾಲ್ಕನ್ನೂ ಹೊರಗೇ ಒಗೆದ. ಅದೂ ಮಾರು ದೂರ! ಗೇಣು ತಪ್ಪದ ಕೈ ಮಾರು ತಪ್ಪುತ್ತದೆಯೇ? ಆಟ ಮಾರಿಕೊಂಡ ಎಂದು ಮೊದಲು ಕೂಗಿದವರು ಮಾಸ್ತರರು, ಊರು ಹೌದೆಂದಿತು. ಅವನು ತುಟಿಪಿಟಕ್ಕೆನ್ನಲಿಲ್ಲ. ತಂಡ ಹೋಯಿತು, ಕುಡಿತ ಬಂತು, ಸಕ್ಕರೆ ಕಾರ್ಖಾನೆಯಲ್ಲಿ ಚೀಲ ಹೊತ್ತ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂದು ಮಾಸ್ತರರು ಸುಮ್ಮನಾಗಿದ್ದರು.

“ಮರ್ಯಾಗ ಯಾಕ ನಿಂತೀರಿ ಸರ? ಬರ್ರಿ.”

ಮಹಾಲಿಂಗ ಎದುರಿಗೇ ಬಂದಿದ್ದ. ಸಿಕ್ಕಿಬಿದ್ದವರು ಮಾಸ್ತರರು, ಸಿಟ್ಟು ಬಂದದ್ದೂ ಅವರಿಗೇ.

“ನಾಳೆ ನಾ ಬ್ಯಾಡ ಅಂತೇನಲೇ. ಈ ಹುಡುಗ್ಯಾರ ಆಟಾನೂ ಮಾರೀಯೇನು?”

ಅವನ ಮುಖ ಕಪ್ಪಿಟ್ಟಿತು. “ಕುಡದದ್ದು ಖರೆ ಐತ್ರಿ. ಬಿಟ್ಟು ಆರು ವರ್ಷ ಆತು. ಆಟ ಮಾತ್ರ ನಾ ಮಾರಿಲ್ಲ.”

“ಹಂಗಾರ ಯಾರು ಮಾರಿದ್ರು?”

ಮಹಾಲಿಂಗ ತಿರುಗಿ ಹುಡುಗಿಯರತ್ತ ನೋಡಿದ. ಯಾರಿಗೂ ಕೇಳಿಸದು ಎಂದು ಖಾತ್ರಿ ಮಾಡಿಕೊಂಡ. ಇನ್ನು ಯಾವ ಬಡಪಾಯಿಯ ಹೆಸರು ಹೇಳುತ್ತಾನೋ ಎಂದು ಮಾಸ್ತರರಿಗೆ ಗಾಬರಿಯಾಯಿತು. ಗಾಬರಿಯಾದಾಗ ಅಂಗಿಯೊಳಗಿನ ಲಿಂಗದ ಕರಡಿಗೆಯ ಮೇಲೆ ಕೈಯಿಟ್ಟು ‘ಶಿವಾ’ ಎನ್ನುವುದು ಚಿಕ್ಕಂದಿನ ರೂಢಿ; ಕೈ ಹೋದದ್ದು ಅವರಿಗೇ ತಿಳಿಯುತ್ತಿರಲಿಲ್ಲ, ಈಗಲೂ ತಿಳಿಯಲಿಲ್ಲ.

ಮಹಾಲಿಂಗ ಆ ಕೈಯನ್ನೇ ನೋಡಿದ. ಅವನ ಕಣ್ಣು ತುಂಬಿತು.

“ಅವತ್ತೂ ಹಿಂಗಽ ಎದಿ ಮ್ಯಾಲೆ ಕೈ ಇಟ್ರಿ. ಕಡೀತನಕ ತಗೀಲಿಲ್ಲ. ಜೋರ್ ಹೊಡಿಯಾಂವ ಬಂದಾಗ ಎದಿ ಮ್ಯಾಲೆ ಕೈ ಇಟ್ರ, ಅವಂಗ ಹೊಡ್ಯಾಕ ಕೊಡದ ನಾಕೂ ಹೊರಗ ಒಗೀಬೇಕಂತ ಕಲಿಸಿದವರು ನೀವಽ ಅಲ್ಲೇನ್ರಿ?”

ಮಾಸ್ತರರು ಬಗ್ಗಿ ಎದೆಯ ಮೇಲಿದ್ದ ತಮ್ಮ ಕೈಯನ್ನೇ ನೋಡಿಕೊಂಡರು.

“ಅಂಜಬ್ಯಾಡ್ರಿ ಸರ. ನೀವು ಆಟ ಮಾರಿದ್ರಿ ಅಂತ ಹದಿನಾರು ವರ್ಷ ನಾ ಯಾರ ಮುಂದೂ ಬಾಯಿ ಬಿಟ್ಟಿಲ್ಲ.”