ಬಾಯಲ್ಲಿ ಉಳಿದ ಹೆಸರುಗಳು

ಗೈರುಹಾಜರಿಯ ಕಾಗದದ ಮೇಲೆ ಕರಿಯವ್ವನ ಹೆಸರು ಎರಡು ಸಲ ಬಂದಿತ್ತು.

"ನಾ ತಪ್ಪಿಸಿದ್ದು ಒಂದಽ ಪಾಳಿರಿ." ಕರಿಯವ್ವ ಊದಿದ ಗಲ್ಲಕ್ಕೆ ಸೆರಗು ಒತ್ತಿಕೊಂಡೇ ಹೇಳಿದಳು. "ಮಂಗಳವಾರ ಹಲ್ಲು ಕೀಳಿಸಾಕ ಗದಗಿನ ದವಾಖಾನಿಗೆ ಹೋಗಿದ್ದೆ. ಬೇಕಾದ್ರ ಹಲ್ಲು ತೋರಸ್ತೀನಿ, ಸೆರಗಿನಾಗ ಕಟ್ಟಿಗೊಂಡು ಬಂದೀನಿ."

ಸಕ್ರಪ್ಪ ನಗಲಿಲ್ಲ. ಬೆಟಗೇರಿಯ ಆ ನೂಲಿನ ಗಿರಣಿಗೆ ಕಂಪ್ಯೂಟರ್ ಬಂದು ವರ್ಷವಾಗಿರಲಿಲ್ಲ. ಅದನ್ನಿಟ್ಟ ಖೋಲಿಗೆ ಅವನೇ ಸಾಹೇಬ. "ನಿನ್ನ ಹಲ್ಲು ಸುಳ್ಳು ಹೇಳಬಹುದು, ಮಿಷಿನ್ ಹೇಳೂದಿಲ್ಲ. ತಪ್ಪಿಸಿದ ಒಂದು ಪಾಳಿಗೆ ಒಂದು ಸಾಲು. ಎರಡು ಸಾಲು ಅಂದ್ರ ಎರಡು ಪಾಳಿ. ವಾರದಾಗ ಎರಡು ಪಾಳಿ ತಪ್ಪಿಸಿದ ಬದಲಿಯವರ ಬಿಲ್ಲೆ ಕಸಗೊಂಡು ಕೆಲಸದಿಂದ ತಗೀಬೇಕು ಅಂತ ಕಾಯ್ದೆ ಐತಿ. ಮೂರರ ಭೋಂಗಾ ಕೂಗೂದ್ರಾಗ ಬಿಲ್ಲೆ ಇಟ್ಟು ಹೋಗು." ಬದಲಿಯವರು ಅಂದರೆ ಹತ್ತು ವರ್ಷ ದುಡಿದರೂ ಕಾಯಂ ಆಗದವರು. ಗಿರಣಿಯಲ್ಲಿ ಅಂಥವರೆಲ್ಲ ಹೆಣ್ಣುಮಕ್ಕಳು.

ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತಿದ್ದ ಶಮಶಾದಬಿ ಆ ಕಾಗದ ಎಳೆದುಕೊಂಡು ನೋಡಿದಳು. ಹುಬ್ಬಳ್ಳಿಯ ಎಂಜಿನಿಯರ್ ಬಿಟ್ಟುಹೋದ ಪುಸ್ತಕ ಓದಿ ಈ ಪ್ರೋಗ್ರಾಮನ್ನು ಸಿ ಭಾಷೆಯಲ್ಲಿ ಬರೆದವಳು ಅವಳೇ. ಅದರೊಳಗೆ ಫೋರ್ಕ್ ಅನ್ನುವ ಒಂದು ಮಾತಿತ್ತು. ಅಲ್ಲಿಗೆ ಬಂದೊಡನೆ, ನಡೆಯುತ್ತಿರುವ ಪ್ರೋಗ್ರಾಮು ತನ್ನದೇ ಪಡಿಯಚ್ಚಿನ ಇನ್ನೊಂದನ್ನು ಹುಟ್ಟಿಸುತ್ತದೆ. ನೋಟಬುಕ್ಕಿನಲ್ಲಿ ಅವಳು ಮೊದಲಿನದಕ್ಕೆ ಅಪ್ಪ, ಹುಟ್ಟಿದ್ದಕ್ಕೆ ಮಗಳು ಎಂದು ಬರೆದುಕೊಂಡಿದ್ದಳು. ಅಪ್ಪ ಗೈರುಹಾಜರಿ ಪಟ್ಟಿ ಮುಗಿಸಿ ಮಗಳನ್ನು ಹುಟ್ಟಿಸಬೇಕು. ಮಗಳು ಮುಂದಿನ ಪಾಳಿಯ ಪಟ್ಟಿಯನ್ನು ಬೇರೆ ಕಡೆ ಬರೆದಿಡಬೇಕು. ಇಷ್ಟೇ. ಇದರಲ್ಲಿ ಕರಿಯವ್ವ ಎರಡಾಗುವುದು ಹೇಗೆ?

ಅವಳು ಪ್ರೋಗ್ರಾಮನ್ನು ಮತ್ತೆ ಓಡಿಸಿದಳು. "ಸಾಹೇಬ್ರ, ಪರದೆ ಮ್ಯಾಲೆ ಒಂದಽ ಸಲ ಬರಾಕ್ಹತ್ತೈತಿರಿ."

"ಪರದೆಗೆ ಯಾರು ಸಹಿ ಹಾಕ್ತಾರ? ಕಾಗದದಾಗ ಬಂದದ್ದು ಖರೆ."

ಕಾಗದಕ್ಕೆ ಕಳಿಸಿದಳು. ಪ್ರಿಂಟರ್ ಕಿರ್ರೆಂದು ಚೀರಿತು. ಕಾಯಂ ಗಂಡಸರ ಹೆಸರುಗಳೆಲ್ಲ ಸರಿಯಾಗಿದ್ದವು. ಪಟ್ಟಿಯ ಕೊನೆಯ ಹನ್ನೊಂದು ಮಾತ್ರ ಮತ್ತೊಮ್ಮೆ ಬಂದಿದ್ದವು. ಹನ್ನೊಂದೂ ಬದಲಿಯವರು. ಅವರ ಬಿಲ್ಲೆ ನಂಬರು ಯಾವಾಗಲೂ ಕೊನೆಗೇ ಇರುತ್ತದೆ.

ಆಗ ಅವಳಿಗೆ ಹೊಳೆಯಿತು. ಪರದೆಗಾದರೆ ಪ್ರೋಗ್ರಾಮು ಸಾಲು ಸಾಲಾಗಿ ಆಗಿಂದಾಗ ಹೇಳಿಬಿಡುತ್ತದೆ. ಕಾಗದಕ್ಕಾದರೆ ಬಾಯಿ ತುಂಬುವ ತನಕ ಒಳಗೇ ಹಿಡಿದುಕೊಂಡು, ತುಂಬಿದ ಮೇಲೆ ಒಮ್ಮೆಲೇ ಉಗುಳುತ್ತದೆ. ಪಟ್ಟಿಯ ಮೊದಲಿನ ಹೆಸರುಗಳು ಆಗಲೇ ಹೊರಗೆ ಬಿದ್ದಿದ್ದವು. ಕೊನೆಯ ಹನ್ನೊಂದು ಹೆಸರು ಅಪ್ಪನ ಬಾಯಲ್ಲಿರುವಾಗಲೇ ಮಗಳು ಹುಟ್ಟಿದ್ದಳು. ಅಪ್ಪನ ಬಾಯಲ್ಲಿದ್ದದ್ದು ಅವಳ ಬಾಯಲ್ಲೂ ಇತ್ತು. ಇಬ್ಬರೂ ಉಗುಳಿದ್ದರು.

"ಸಾಹೇಬ್ರ, ತಪ್ಪು ಸಿಕ್ತುರಿ. ಪ್ರೋಗ್ರಾಮಿನಾಗ ಒಂದು ಸಾಲು ಕೂಡಿಸಿದ್ರ..."

"ಕೈ ತಗಿ." ಸಕ್ರಪ್ಪನ ದನಿ ಏರಲಿಲ್ಲ, ಇಳಿಯಿತು. "ಮ್ಯಾಲಿನವರು ಹತ್ತು ಮಂದೀನ ಕಡಿಮಿ ಮಾಡ್ರಿ ಅಂತ ಯಾವಾಗಿಂದನೋ ಬಡಕೊಳ್ಳಾಕ್ಹತ್ತಿದ್ರು. ನಿನ್ನ ಪ್ರೋಗ್ರಾಮು ಒಂದು ಹೆಚ್ಚಿಗೀನಽ ಕೊಟ್ಟೈತಿ. ಶ್ಯಾಣ್ಯಾಕಿ ಅದಿ. ತಪ್ಪು ಐತಿ ಅಂತೀ ಅಂದ್ರ ಅದು ಯಾರದು? ನಿಂದು. ನೀನೂ ಇನ್ನಾ ಕಾಯಂ ಆಗಿಲ್ಲ. ಹನ್ನೆರಡನೇ ಹೆಸರು ನಾ ಕೈಲೇ ಬರೀತೀನಿ. ಫಕ್ರುಸಾಬಂದು ಇನ್ನ ಎರಡು ವರ್ಷ ನೌಕರಿ ಉಳದೈತಲ್ಲಾ? ಅದನ್ನೂ ನೆನಪಿಡು."

ಫಕ್ರುಸಾಬ ಅವಳ ಅಪ್ಪ, ಅದೇ ಗಿರಣಿಯ ಕೂಲಿಕಾರ. ಹನ್ನೊಂದು ವರ್ಷದ ಹಿಂದೆ ಹತ್ತಿ ಹಿಂಜುವ ಯಂತ್ರ ಅವನ ಜೊತೆಗಾರನೊಬ್ಬನ ಕೈ ನುಂಗಿತ್ತು. ಚಕ್ರಕ್ಕೆ ಮುಚ್ಚಳವೇ ಇರಲಿಲ್ಲ. ಕೂಲಿಕಾರ ಕುಡಿದು ಬಂದಿದ್ದ ಎಂದು ಬರೆದುಕೊಂಡ ಸಾಹೇಬರು, ಕಣ್ಣಾರೆ ಕಂಡಿದ್ದ ಫಕ್ರುಸಾಬನನ್ನು ಕೇಳಿದ್ದರು. ತಪ್ಪು ಯಂತ್ರದ್ದು ಎಂದು ಗೊತ್ತಿದ್ದೂ ಅವನು ಬಾಯಿ ಬಿಡಲಿಲ್ಲ. ಆಮೇಲೆ ಮನೆಯಲ್ಲೂ ಹೆಚ್ಚು ಮಾತಾಡಲಿಲ್ಲ. ಮಗಳು ಕೆಲಸಕ್ಕೆ ಹೊರಟಾಗ ಬುತ್ತಿ ಡಬ್ಬಿ ಕೈಗಿಟ್ಟು ದಿನಾ ಒಂದೇ ಮಾತು ಹೇಳುತ್ತಿದ್ದ: "ಬೇಟಾ, ಬಾಯಿ ಸಂಭಾಳಸ್ಕೋ." ಅವನಿಗಿದ್ದ ಅಂಜಿಕೆ ಅವಳಿಗೂ ಹಾಗೇ ಬಂದಿತ್ತು.

ಮೂರರ ಭೋಂಗಾ ಕೂಗಿತು. ಕರಿಯವ್ವ ಕೊರಳ ದಾರದಿಂದ ಹಿತ್ತಾಳೆ ಬಿಲ್ಲೆ ಬಿಚ್ಚಿ ಮೇಜಿನ ಮೇಲಿಟ್ಟಳು. ತಿಕ್ಕಿ ತಿಕ್ಕಿ ನಂಬರು ಸವೆದಿತ್ತು. "ಇರಲಿ ಬಿಡ ಯವ್ವಾ," ಅಂದಳು ಶಮಶಾದಬಿಗೆ, "ನೀ ಅಂಜಬ್ಯಾಡ." ಬಾಗಿಲ ತನಕ ಹೋದಳು.

"ತಪ್ಪು ಆಕಿದಲ್ಲ, ಮಿಷಿನ್ದು!"

ಖೋಲಿಯಲ್ಲಿ ಯಾರೋ ಬೇರೆಯವರು ಕೂಗಿದ ಹಾಗೆ ಕೇಳಿತು. ಕೂಗಿದ್ದು ಶಮಶಾದಬಿಯೇ. ಮೇಜು ಹಿಡಿದು ನಿಂತಿದ್ದಳು. ಕರಿಯವ್ವ ಹೊರಳಿ ನೋಡಿದಳು. ಸಕ್ರಪ್ಪ ಪೆನ್ನಿನ ಟೊಪ್ಪಿಗೆ ತೆಗೆದ. ಪಟ್ಟಿಯ ಕೆಳಗೆ ಶಮಶಾದಬಿಯ ಹೆಸರಿನ ಮೊದಲ ಅಕ್ಷರ ಬರೆದು ತಲೆ ಎತ್ತಿದ.

"ಯಾರಲೇ ನಿನಗ ಈ ಮಾತು ಕಲಿಸಿದವರು?"

"ಯಾರೂ ಕಲಿಸಿಲ್ಲರಿ," ಅಂದಳು ಅವಳು. "ನಮ್ಮ ಅಬ್ಬಾನ ಬಾಯಾಗ ಉಳಿದಿತ್ತು."