ಇನ್ನೊಮ್ಮೆ ಕೇಳಿ

ಗಂಡ ಸಂಕೇತನ ಅಂತ್ಯಸಂಸ್ಕಾರದ ಮರುದಿನ ಬೆಳಿಗ್ಗೆ ಆರತಿ ಕಾಫಿಗೆ ಹಾಲಿಟ್ಟು, ಓದಲು ಸ್ಪೇನಿಗೆ ಬರಲಾರೆನೆಂದು ಇಮೇಲ್ ಬರೆಯಲು ಕೂತಳು. ಗಂಡನ ಪುಸ್ತಕಗಳನ್ನು ಪಕ್ಕಕ್ಕೆ ಸರಿಸುವಾಗ ಒಂದು ಸ್ಪ್ಯಾನಿಷ್ ನಿಘಂಟು ಸಿಕ್ಕಿತು. ಒಳಪುಟದಲ್ಲಿ ಕೆಳಗಿನ ಮನೆಯ ಮಾರ್ತಾಳ ಹೆಸರಿತ್ತು. ಮಾರ್ತಾ ಸ್ಪ್ಯಾನಿಷ್ ಮಾತಾಡುವ ಚಿಲಿಯಿಂದ ಬಂದು ಸ್ವೀಡನ್ನಿನ ಈ ನಾರ್‌ಶೋಪಿಂಗ್‌ನಲ್ಲೇ ಮುದುಕಿಯಾದವಳು.

ಸಂಕೇತನಿಗೇಕೆ ಈ ನಿಘಂಟು? ಆರು ತಿಂಗಳು ಸ್ಪೇನಿನ ಒಂದು ಮನೆಯಲ್ಲಿದ್ದು ಓದುವ ಮಾತೆತ್ತಿದರೆ ಸಾಕು, ಅವನು ಎದ್ದು ಹೋಗುತ್ತಿದ್ದ. ಕೊನೆಯ ದಿನವೂ "ಹೋಗೋದಾದ್ರೆ ಹೋಗು, ನನ್ನನ್ನೇನೂ ಕೇಳ್ಬೇಡ" ಎಂದು ಸೈಕಲ್ ಹತ್ತಿದ್ದ. ಮಂಜು ಹೆಪ್ಪುಗಟ್ಟಿ ಜಾರುತ್ತಿದ್ದ ರಸ್ತೆ ಅವನನ್ನು ಹಿಂದಕ್ಕೆ ಕಳಿಸಲಿಲ್ಲ.

ನಿಘಂಟಿನೊಳಗೆ ಮಡಚಿದ ಹಾಳೆಯಿತ್ತು. ಅವಳು ಉಳಿಯಬೇಕಿದ್ದ ಮನೆಯವರಿಗೆ ಅವನು ಸ್ಪ್ಯಾನಿಷ್‌ನಲ್ಲಿ ಬರೆದ ಪತ್ರ. ತುಂಬ ಕೆಂಪು ತಿದ್ದುಪಡಿ. ಸಾಲುಗಳ ಕೆಳಗೆ ಪೆನ್ಸಿಲ್ಲಿನ ಕನ್ನಡ: "ನನ್ನ ಹೆಂಡತಿ ಮೊಟ್ಟೆಯನ್ನೂ ತಿನ್ನುವುದಿಲ್ಲ. ಕಾಫಿ ಕುಡಿಯುವವರೆಗೆ ಮಾತಾಡಿಸಬೇಡಿ. ಏನು ಕೊಟ್ಟರೂ ಮೊದಲು ಬೇಡ ಅನ್ನುತ್ತಾಳೆ. ಅದು ನಮ್ಮ ಕಡೆಯ ಸಂಕೋಚ. ದಯವಿಟ್ಟು ಇನ್ನೊಮ್ಮೆ ಕೇಳಿ." ಹಾಲು ಉಕ್ಕಿ ಸೀದದ್ದು ಅವಳಿಗೆ ವಾಸನೆ ಬಂದ ಮೇಲೆಯೇ ತಿಳಿಯಿತು.

ಪತ್ರವನ್ನು ತನ್ನಲ್ಲೇ ಇಟ್ಟುಕೊಂಡು, ಕೆಳಗಿಳಿದು ಮಾರ್ತಾಳಿಗೆ ನಿಘಂಟು ಚಾಚಿದಳು. "ಪತ್ರ ತಿದ್ದುವಾಗ, ಅವಳೇ ಹೇಳ್ಕೊಳ್ತಾಳೆ ಬಿಡಪ್ಪಾ ಅಂದೆ ಅವನಿಗೆ," ಎಂದಳು ಮುದುಕಿ. "ಅವಳು ಹೇಳಲ್ಲ, ಉಪವಾಸ ಇರ್ತಾಳೆ ಅಂದ. ಬಾ, ಕಾಫಿ ಇದೆ."

"ಬೇಡ."

ಮಾರ್ತಾ ನಿಘಂಟನ್ನು ತೆಗೆದುಕೊಂಡಳು. ಬಾಗಿಲು ಮುಚ್ಚಲಿಲ್ಲ. ಇನ್ನೊಮ್ಮೆ ಕೇಳಿದಳು.